ಹೊರಗೆ ಹೊಳಪು, ಒಳಗೆ ಕೊಳೆ

ಮಹಾನವಮಿಯ ಬೆಳಗಿನಲ್ಲಿ ಹೈದರಾಬಾದಿನ ಕನ್ನಡಿಗರ ಮನೆಗಳ ಮುಂದೆ ಕಾಣುವ ದೃಶ್ಯವು ಎಲ್ಲರಿಗೂ ಪರಿಚಿತವಾದುದು. ಕಾಚಿಗುಡದ ಹಳೆಯ ಓಣಿಯಾಗಲಿ, ಗಚ್ಚಿಬೌಲಿಯ ಬಹುಮಹಡಿ ಕಟ್ಟಡದ ನೆಲಮಾಳಿಗೆಯಾಗಲಿ, ಅಂದು ಮನೆಯ ಕಾರಿಗೆ ಅಭ್ಯಂಜನ ತಪ್ಪಿದ್ದಲ್ಲ. ಸಾಬೂನಿನ ನೊರೆಯಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಿಂದ ಒರೆಸಿ, ಗಾಜನ್ನು ಬೆಳಗಿ, ಬಾನೆಟ್ಟಿನ ಮೇಲೆ ಗಂಧ ಕುಂಕುಮಗಳನ್ನಿಟ್ಟು, ಚೆಂಡುಹೂವಿನ ಮಾಲೆಯನ್ನು ಕಟ್ಟಿ, ಚಕ್ರದಡಿಯಲ್ಲಿ ನಿಂಬೆಹಣ್ಣು ಇರಿಸಿ, ಬೂದುಗುಂಬಳವನ್ನು ಒಡೆದ ಮೇಲೆ ಮನೆಮಂದಿಯೆಲ್ಲ ಅದರಲ್ಲಿ ಕುಳಿತು ಒಂದು ಸುತ್ತು ಹೋಗಿಬರುವುದು ವಾಡಿಕೆ. ಆಯುಧಪೂಜೆಯ ಅರ್ಥವನ್ನು ಹಿರಿಯರು ಸರಿಯಾಗಿಯೇ ಗ್ರಹಿಸಿದ್ದರು. ರೈತನು ನೇಗಿಲ ಗುಳವನ್ನೂ, ಬಡಗಿಯು ಉಳಿಯನ್ನೂ ಮೊದಲು ಶುಚಿಗೊಳಿಸಿ, ಹರಿತಗೊಳಿಸಿ, ಆ ಬಳಿಕವೇ ಅದಕ್ಕೆ ಹೂವೇರಿಸುತ್ತಿದ್ದರು. ಪೂಜೆಗೆ ಮುಂಚೆ ದುರಸ್ತಿ ಎಂಬುದು ಆ ಸಂಪ್ರದಾಯದ ತಿರುಳು.

ಇಂದು ಹೀಗೆ ಸಿಂಗಾರಗೊಂಡ ಕಾರಿನೊಳಗೆ ಕುಳಿತು ತಂಪುಗಾಳಿಯ ಗುಂಡಿಯನ್ನು ತಿರುಗಿಸಿದೊಡನೆ ಮೊದಲು ಬರುವುದೇನು? ಎಷ್ಟೋ ಕಾರುಗಳಲ್ಲಿ ಅದು ಒಣಗದ ಒದ್ದೆಬಟ್ಟೆಯ ಮುಗ್ಗಲು ವಾಸನೆ. ಹಿಂದಿನ ಸೀಟಿನಲ್ಲಿ ಕುಳಿತ ಮಗು ಒಂದೇ ಸಮನೆ ಸೀನುತ್ತದೆ. ಅಜ್ಜಿ ಸೆರಗಿನ ತುದಿಯನ್ನು ಮೂಗಿಗೆ ಹಿಡಿಯುತ್ತಾರೆ. ಮನೆಯ ಯಜಮಾನರು ಗಾಜನ್ನು ಒಂದಿಷ್ಟು ಇಳಿಸಿ, ಕನ್ನಡಿಗೆ ತೂಗುಬಿಟ್ಟ ಸುಗಂಧದ ಬಿಲ್ಲೆಯನ್ನು ಬದಲಾಯಿಸಬೇಕೆಂದು ನೆನಪಿಟ್ಟುಕೊಳ್ಳುತ್ತಾರೆ. ಹೊರಮೈಯ ಮೇಲೆ ಮುಖ ಕಾಣುವಷ್ಟು ಹೊಳಪಿದೆ. ಆದರೆ ಉಸಿರಾಡುವ ಗಾಳಿ ಬರುವ ದಾರಿಯಲ್ಲಿ ವರ್ಷದ ತರಗೆಲೆ, ಧೂಳು, ಬೂಷ್ಟು ಸೇರಿಕೊಂಡಿವೆ. ವಾಹನದ ಮೈಯನ್ನು ತೊಳೆಯುವುದಕ್ಕೆ ಮೊದಲು ಅದರ ಗಾಳಿಯ ದಾರಿಯನ್ನು ತೆರೆದು ಕಸ ತೆಗೆಯತಕ್ಕದ್ದು. ಇದು ಮನೆಯವರೇ ಹೊರತಕ್ಕ ಆರೋಗ್ಯದ ಹೊಣೆಯೇ ಹೊರತು, ಗ್ಯಾರೇಜಿನವರ ಮರ್ಜಿಗೆ ಬಿಡತಕ್ಕ ಕೆಲಸವಲ್ಲ.

ಗಾಳಿಯ ದಾರಿ ಎಲ್ಲಿದೆ?

ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಕಾಲದಲ್ಲಿ ಗಾಳಿಯ ವಿಷಯ ಸರಳವಾಗಿತ್ತು. ಮುಂದಿನ ಬಾಗಿಲಿನ ಮೂಲೆಯಲ್ಲಿದ್ದ ತ್ರಿಕೋನಾಕಾರದ ಗಾಜನ್ನು ತಿರುಗಿಸಿದರೆ ಗಾಳಿ ನೇರವಾಗಿ ಮುಖಕ್ಕೆ ಬೀಸುತ್ತಿತ್ತು. ಧೂಳು ಬಂದರೂ ಅದು ಕಣ್ಣಿಗೆ ಕಾಣುತ್ತಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ಮೇಲೆ ಮಧ್ಯಮವರ್ಗದ ಮನೆಗಳಿಗೆ ಕಾರು ಬಂದಿತು. ಅನಂತರದ ವರ್ಷಗಳಲ್ಲಿ ಹವಾನಿಯಂತ್ರಣವೂ ಬಂದಿತು. ಗಾಜುಗಳು ಮೇಲೇರಿದವು. ಗಾಳಿಯು ಡ್ಯಾಶ್‌ಬೋರ್ಡಿನ ಹಿಂದೆ, ಯಾರ ಕಣ್ಣಿಗೂ ಬೀಳದ ಕೊಳವೆಗಳೊಳಗೆ ಸಂಚರಿಸತೊಡಗಿತು. ಕಣ್ಣಿಗೆ ಕಾಣದುದು ಮನಸ್ಸಿನಿಂದಲೂ ಮರೆಯಾಯಿತು.

ಈ ದಾರಿಯ ರಚನೆಯನ್ನು ತಿಳಿಯಲು ಯಂತ್ರಶಾಸ್ತ್ರದ ಪಾಂಡಿತ್ಯ ಬೇಕಾಗಿಲ್ಲ. ಬಾನೆಟ್ಟು ಮುಗಿದು ಮುಂದಿನ ಗಾಜು ಆರಂಭವಾಗುವ ಸ್ಥಳದಲ್ಲಿ, ವೈಪರುಗಳ ಬುಡದಲ್ಲಿ, ಕಪ್ಪನೆಯ ಜಾಲರಿಯೊಂದು ಇರುತ್ತದೆ. ಅದೇ ಕಾರಿನ ಮೂಗು. ಹೊರಗಿನ ಗಾಳಿ ಅಲ್ಲಿಂದ ಒಳಸೇರಿ ಬ್ಲೋವರ್ ಎಂಬ ಬೀಸಣಿಗೆಯ ಸೆಳೆತಕ್ಕೆ ಸಿಕ್ಕಿ ಫಿಲ್ಟರಿನ ಮೂಲಕ ಸೋಸಿ ಬರುತ್ತದೆ. ಬಳಿಕ ಕೂಲಿಂಗ್ ಕಾಯಿಲ್ ಎಂದು ಕರೆಯುವ ತಂಪು ಸುರುಳಿಯ ತೆಳ್ಳನೆಯ ತಗಡುಗಳ ನಡುವೆ ಹಾಯ್ದು ತಣ್ಣಗಾಗುತ್ತದೆ. ಚಳಿಗಾಲದಲ್ಲಾದರೆ, ಎಂಜಿನ್ನಿನ ಬಿಸಿನೀರು ಹರಿಯುವ ಇನ್ನೊಂದು ಪೆಟ್ಟಿಗೆಯನ್ನು ಮುಟ್ಟಿ ಬೆಚ್ಚಗಾಗುತ್ತದೆ. ಕೊನೆಗೆ ಮುಖಕ್ಕೋ, ಕಾಲಿಗೋ, ಮುಂದಿನ ಗಾಜಿಗೋ ತಲಪುತ್ತದೆ. ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುವಂತೆ ಗುಂಡಿಯನ್ನು ಒತ್ತಿದಾಗ ಮಾತ್ರ ಹೊರಗಿನ ಜಾಲರಿಯ ದಾರಿ ಮುಚ್ಚಿಕೊಳ್ಳುತ್ತದೆ.

ಈ ದಾರಿಯಲ್ಲಿ ಗಾಳಿಯಷ್ಟೇ ಅಲ್ಲ, ನೀರೂ ಹರಿಯುತ್ತದೆ. ಜಾಲರಿಯ ಮೇಲೆ ಬಿದ್ದ ಮಳೆನೀರು ಎರಡೂ ಬದಿಯ ತೂತುಗಳ ಮೂಲಕ ಕೆಳಕ್ಕೆ ಇಳಿದುಹೋಗಬೇಕು. ತಂಪು ಸುರುಳಿಯ ಮೇಲೆ ಗಾಳಿಯ ತೇವವು ಹನಿಗಟ್ಟಿ, ಸಣ್ಣ ರಬ್ಬರು ಕೊಳವೆಯೊಂದರಿಂದ ಕಾರಿನ ಅಡಿಗೆ ಸುರಿಯಬೇಕು. ಮಳೆಗಾಲದ ತೇವದ ದಿನಗಳಲ್ಲಿ ಒಂದು ಗಂಟೆಯ ಪ್ರಯಾಣದಲ್ಲಿ ಒಂದು ಲೀಟರಿನಷ್ಟು ನೀರು ಹೀಗೆ ಒಸರುವುದುಂಟು. ನಿಂತ ಕಾರಿನ ಕೆಳಗೆ ನೀರು ತೊಟ್ಟಿಕ್ಕುವುದನ್ನು ಕಂಡು ಗಾಬರಿಪಡುವವರುಂಟು. ವಾಸ್ತವದಲ್ಲಿ ಗಾಬರಿಪಡಬೇಕಾದುದು ತೇವದ ದಿನಗಳಲ್ಲಿಯೂ ಅದು ತೊಟ್ಟಿಕ್ಕದಿದ್ದಾಗ. ಹೊರಹೋಗದ ನೀರು ಒಳಗೇ ನಿಂತು, ಮುಂದಿನ ಸೀಟಿನ ಕಾಲ್ಕೆಳಗಿನ ಹಾಸನ್ನು ನೆನೆಸಿ, ಬೂಷ್ಟಿಗೆ ತವರುಮನೆಯಾಗುತ್ತದೆ.

ಹೈದರಾಬಾದಿನ ಕಸ

ಪ್ರತಿಯೊಂದು ಊರಿನ ಕಸಕ್ಕೂ ಅದರದೇ ಆದ ಗುಣವಿದೆ. ಹೈದರಾಬಾದಿನಲ್ಲಿ ಈ ಕಸದ ವರ್ಷವು ಯುಗಾದಿಯ ಸುಮಾರಿಗೆ ಆರಂಭವಾಗುತ್ತದೆಂದು ಹೇಳಬಹುದು. ಆ ಹೊತ್ತಿಗೆ ಬೇವಿನ ಮರವು ಹಳೆಯ ಎಲೆಯನ್ನು ಉದುರಿಸಿ, ಚಿಗುರಿ, ಹೂಬಿಡುತ್ತದೆ. ಬಿಸಿಲಿಗೆ ಹೆದರಿ ಕಾರನ್ನು ಬೇವಿನ ನೆರಳಿಗೆ ನಿಲ್ಲಿಸುವುದು ಸಹಜವೇ. ಆದರೆ ಬೇವಿನ ಎಲೆ ಕಿರಿದು; ಜಾಲರಿಯ ಸಂದಿನಲ್ಲಿ ಅದು ಅಂಚೆಪೆಟ್ಟಿಗೆಯಲ್ಲಿ ಕಾಗದ ಜಾರಿದಂತೆ ಜಾರಿಹೋಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಗುಲ್‌ಮೊಹರಿನ ಕೆಂಪು ಎಸಳುಗಳೂ, ಪೆಲ್ಟೋಫೋರಮ್ ಮರದ ಹಳದಿ ಎಸಳುಗಳೂ ಅದನ್ನು ಹಿಂಬಾಲಿಸುತ್ತವೆ. ಈ ಮರಗಳ ಎಲೆದಳಗಳು ಬಹಳ ಕಿರಿದಾದುದರಿಂದ ಅವನ್ನು ತಡೆಯುವ ಜಾಲರಿಯೇ ಇಲ್ಲ.

ಎರಡನೆಯದು ಧೂಳು. ಈ ನಗರವು ಗ್ರಾನೈಟ್ ಬಂಡೆಗಳ ಮೇಲೆ ಕಟ್ಟಿದ ನಗರ. ಮಾಧಾಪುರ, ಕೊಂಡಾಪುರ, ನರಸಿಂಗಿಯ ಕಡೆಗಳಲ್ಲಿ ಬಂಡೆಗಳನ್ನು ಒಡೆದು ಕಟ್ಟಡಗಳನ್ನೆಬ್ಬಿಸಿದ ಪ್ರದೇಶದಲ್ಲಿ ನಿಲ್ಲಿಸಿದ ಕಾರಿನ ಮೇಲೆ ಒಂದೇ ರಾತ್ರಿಯಲ್ಲಿ ಬೂದುಬಣ್ಣದ ಪದರ ಕೂಡುತ್ತದೆ. ಬಿಳಿಯ ಬಟ್ಟೆಗೆ ಅಂಟುವ ಆ ಧೂಳು ಫಿಲ್ಟರಿಗೂ ಅಂಟುತ್ತದೆ. ತವರಿನ ಕಡೆ ಹೋಗುವ ದಾರಿಯೂ ಇದಕ್ಕೆ ಹೊರತಲ್ಲ. ಬೀದರಿಗೋ ಕಲಬುರಗಿಗೋ ಜಹೀರಾಬಾದಿನ ಮೇಲೆ ಹೋಗುವ ಕುಟುಂಬವು ಸಂಕ್ರಾಂತಿಯ ಸುಮಾರಿಗೆ ತೊಗರಿಯ ರಾಶಿಯ ಕಾಲದಲ್ಲಿ ಪ್ರಯಾಣ ಮಾಡಿದರೆ, ಕಣದ ಹೊಟ್ಟೂ ಕಪ್ಪುಮಣ್ಣಿನ ಪುಡಿಯೂ ಜೊತೆಯಲ್ಲಿ ಹೈದರಾಬಾದಿಗೆ ಬರುತ್ತವೆ.

ಮೂರನೆಯದು ಮಳೆ. ವರ್ಷದ ಹೆಚ್ಚಿನ ಮಳೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬೀಳುವ ಈ ಊರಿನಲ್ಲಿ, ಬೇಸಿಗೆಯಲ್ಲಿ ಸೇರಿದ ಒಣ ಎಲೆ ಮೊದಲ ಮಳೆಗೆ ಕೊಳೆತು ಗೊಬ್ಬರವಾಗುತ್ತದೆ. ನೀರಿಳಿಯುವ ತೂತುಗಳು ಮುಚ್ಚಿಹೋಗುತ್ತವೆ. 2020ರ ಅಕ್ಟೋಬರಿನ ಮಹಾಮಳೆಯಲ್ಲಿ ಬಡಾವಣೆಗಳಿಗೆ ನೀರು ನುಗ್ಗಿ ಕಾರುಗಳು ತೇಲಿದ್ದನ್ನು ನಗರ ಮರೆತಿಲ್ಲ. ಸೀಟಿನ ಮಟ್ಟಕ್ಕೆ ಚರಂಡಿನೀರು ಏರಿದ ಕಾರಿನ ಎಂಜಿನ್ನನ್ನು ದುರಸ್ತಿ ಮಾಡಿಸಿ, ಬ್ಲೋವರಿನ ಪೆಟ್ಟಿಗೆಯನ್ನು ತೆರೆಯದೆ ಬಿಟ್ಟರೆ, ಆ ಚರಂಡಿಯ ಕೆಸರು ಒಣಗಿ ಧೂಳಾಗಿ ಮರಳಿ ಮುಖಕ್ಕೇ ಬರುತ್ತದೆ.

ನಾಲ್ಕನೆಯದು ಇಲಿ. ನೆಲಮಾಳಿಗೆಯಲ್ಲಿ ವಾರಗಟ್ಟಲೆ ನಿಂತ ಕಾರು ಇಲಿಗೆ ಬಾಡಿಗೆಯಿಲ್ಲದ ಮನೆ. ಫಿಲ್ಟರಿನ ಕಾಗದ, ಆಸನದ ಹತ್ತಿ, ಒಣ ಎಲೆ ಇವುಗಳಿಂದ ಬ್ಲೋವರಿನ ಪಕ್ಕದಲ್ಲಿ ಗೂಡು ಕಟ್ಟಿ ಅದು ಸಂಸಾರ ಹೂಡುತ್ತದೆ.

ಇವೆಲ್ಲಕ್ಕೂ ಮನುಷ್ಯನ ಸಹಾಯವೂ ಧಾರಾಳವಾಗಿ ದೊರೆಯುತ್ತಿದೆ. ವಸತಿ ಸಂಕೀರ್ಣಗಳಲ್ಲಿ ಬೆಳಗಿನ ಜಾವ ಬಕೆಟ್ಟು ಹಿಡಿದು ಹತ್ತಾರು ಕಾರುಗಳನ್ನು ಒರೆಸುವ ಹುಡುಗನಿಗೆ ಗಾಜಿನ ಮೇಲಿನ ಎಲೆಯನ್ನು ಕೆಳಕ್ಕೆ ತಳ್ಳುವಷ್ಟೇ ಸಮಯವಿರುತ್ತದೆ. ಕೆಳಗಿರುವುದು ಜಾಲರಿ. ಎಲೆಯನ್ನು ಎತ್ತಿ ಹಾಕಬೇಕೆಂದು ಅವನಿಗೆ ಯಾರೂ ಹೇಳಿಲ್ಲ. ಆ ಎರಡು ನಿಮಿಷಕ್ಕೆ ಅವನಿಗೆ ಯಾರೂ ಕೂಲಿ ಕೊಟ್ಟಿಲ್ಲ. ಇನ್ನು ಆಯುಧಪೂಜೆಯ ದಿನವಂತೂ ಮಾಲೆಯಿಂದ ಉದುರಿದ ಚೆಂಡುಹೂವಿನ ಎಸಳು, ಅಕ್ಷತೆ, ಕುಂಕುಮ, ಅರಿಸಿನಗಳು ಸೇರುವುದೂ ಅಲ್ಲಿಗೇ. ಭಕ್ತಿಯಿಂದ ಹಾಕಿದ ಹೂವು ಮಗುವಿನ ಸೀನಿಗೆ ಕಾರಣವಾಗಬೇಕೆಂದು ಯಾವ ದೇವಿಯೂ ಬಯಸಳು.

ಆರೋಗ್ಯದ ಪ್ರಶ್ನೆ

ಧೂಳು, ಪರಾಗ, ಬೂಷ್ಟಿನ ಕಣಗಳು ಆಸ್ತಮಾ ಇರುವವರಲ್ಲಿ ಉಬ್ಬಸವನ್ನು ಕೆರಳಿಸುತ್ತವೆ. ಅಲರ್ಜಿಯ ಮೂಗು ಉಳ್ಳವರಿಗೆ ಸೀನು, ನೆಗಡಿ, ಕಣ್ಣುರಿಗಳನ್ನು ತರುತ್ತವೆ. ಇದು ವೈದ್ಯಶಾಸ್ತ್ರದಲ್ಲಿ ಸ್ಥಿರಪಟ್ಟ ಸಂಗತಿ. ಕಾರಿನ ಒಳಾಂಗಣವು ಕೆಲವೇ ಘನಮೀಟರುಗಳ ಇಕ್ಕಟ್ಟಿನ ಜಾಗ. ಮನೆಯ ಕೋಣೆಯಲ್ಲಿ ಹರಡಿ ತೆಳುವಾಗುವ ಕೊಳೆ ಇಲ್ಲಿ ಮುಖದಿಂದ ಒಂದೆರಡು ಅಡಿ ದೂರದಲ್ಲಿ ಬೀಸಣಿಗೆಯ ವೇಗದಿಂದ ಎರಚಲ್ಪಡುತ್ತದೆ. ಕುಕಟಪಲ್ಲಿಯಿಂದ ಕಚೇರಿಗೆ ಹೋಗಿಬರುವವನು ದಿನಕ್ಕೆ ಎರಡು ಗಂಟೆ ಕಾರಿನಲ್ಲಿದ್ದರೆ, ಎಚ್ಚರವಾಗಿರುವ ಸಮಯದ ಎಂಟನೆಯ ಒಂದು ಪಾಲನ್ನು ಅವನು ಈ ಪೆಟ್ಟಿಗೆಯ ಗಾಳಿಯಲ್ಲಿಯೇ ಕಳೆದಂತಾಯಿತು.

ಅತಿಸೂಕ್ಷ್ಮ ಧೂಳಿನ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ತನ್ನ ಮಾರ್ಗಸೂಚಿಯನ್ನು ಬಿಗಿಗೊಳಿಸಿ, 2.5 ಮೈಕ್ರಾನಿಗಿಂತ ಕಿರಿದಾದ ಕಣಗಳು ವಾರ್ಷಿಕ ಸರಾಸರಿಯಲ್ಲಿ ಘನಮೀಟರಿಗೆ 5 ಮೈಕ್ರೋಗ್ರಾಮನ್ನು ಮೀರಬಾರದೆಂದು ಹೇಳಿತು. 2009ರಲ್ಲಿ ಭಾರತವು ಗೊತ್ತುಪಡಿಸಿದ ಮಿತಿ 40. ಈ ಕಣಗಳು ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದರಷ್ಟು ಕಿರಿದಾಗಿದ್ದು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ಕಾರಿನ ಸಾಧಾರಣ ಫಿಲ್ಟರು ಪರಾಗವನ್ನೂ ದಪ್ಪ ಧೂಳನ್ನೂ ಚೆನ್ನಾಗಿ ತಡೆಯುತ್ತದೆ; ಅತಿಸೂಕ್ಷ್ಮ ಕಣಗಳನ್ನು ಭಾಗಶಃ ಮಾತ್ರ ತಡೆಯುತ್ತದೆ. ಒದ್ದೆಯಾಗಿ ಹರಿದ ಫಿಲ್ಟರಿನಿಂದ ಅಷ್ಟೂ ಪ್ರಯೋಜನವಿಲ್ಲ.

ಕೊಳೆಯ ವಾಸನೆಯನ್ನು ತಪ್ಪಿಸಲು ಕೆಲವರು ಹೊರಗಿನ ಗಾಳಿಯನ್ನು ಪೂರ್ಣ ಮುಚ್ಚಿ ಒಳಗಿನ ಗಾಳಿಯನ್ನೇ ತಿರುಗಿಸುತ್ತಾರೆ. ಇದು ಒಂದು ಅಪಾಯವನ್ನು ಬಿಟ್ಟು ಇನ್ನೊಂದನ್ನು ಅಪ್ಪಿಕೊಂಡಂತೆ. ಐದು ಮಂದಿ ಕುಳಿತ ಮುಚ್ಚಿದ ಕಾರಿನಲ್ಲಿ ಅವರ ಉಸಿರಿನ ಇಂಗಾಲದ ಡೈಆಕ್ಸೈಡು ಅರ್ಧ ಗಂಟೆಯೊಳಗೆ ಹೊರಗಿನ ಗಾಳಿಯಲ್ಲಿರುವುದರ ಹಲವು ಪಟ್ಟು ಏರುತ್ತದೆ. ತಲೆಭಾರ, ಮಂಪರು ಕವಿಯುತ್ತವೆ. ಬೆಂಗಳೂರಿನ ಹೆದ್ದಾರಿಯಲ್ಲಿ ಐನೂರೆಪ್ಪತ್ತು ಕಿಲೋಮೀಟರ್ ಓಡಿಸುವವನಿಗೆ ಮಂಪರು ಎಂಬುದು ಸಣ್ಣ ಮಾತಲ್ಲ.

ಇನ್ನೊಂದು ಅಪಾಯವು ಶ್ವಾಸಕೋಶಕ್ಕೆ ಸಂಬಂಧಿಸಿದುದೇ ಅಲ್ಲ. ಮಳೆಯಲ್ಲಿ ಮುಂದಿನ ಗಾಜಿನ ಒಳಮೈಗೆ ಮಂಜು ಕವಿದಾಗ ಅದನ್ನು ಕರಗಿಸುವುದು ಇದೇ ದಾರಿಯಿಂದ ಬರುವ ಒಣಗಾಳಿ. ಎಲೆ ತುಂಬಿದ ಬ್ಲೋವರು ಏದುಸಿರು ಬಿಡುತ್ತಿರುವಾಗ ಗಾಜು ತಿಳಿಯಾಗುವುದಿಲ್ಲ. ಚಾಲಕನು ಒಂದು ಕೈಯಿಂದ ಬಟ್ಟೆ ಹಿಡಿದು ಗಾಜನ್ನು ಒರೆಸುತ್ತ, ಇನ್ನೊಂದು ಕೈಯಿಂದ ಪಂಜಾಗುಟ್ಟದ ಮೇಲ್ಸೇತುವೆಯನ್ನು ದಾಟುತ್ತಾನೆ. ಹಿಡಿಯಷ್ಟು ಬೇವಿನ ಎಲೆಯು ಇಡೀ ಕುಟುಂಬವನ್ನು ಅಪಘಾತದ ಅಂಚಿಗೆ ತಳ್ಳಬಲ್ಲುದೆಂಬುದನ್ನು ಮರೆಯಲಾಗದು.

ವಾಸನೆಗೆ ವಾಸನೆ ಮದ್ದಲ್ಲ

ಈ ನಗರದ ಇತಿಹಾಸದಲ್ಲಿಯೇ ಇದಕ್ಕೆ ಒಳ್ಳೆಯ ಪಾಠವಿದೆ. ಮಲೇರಿಯಾ ಎಂಬ ಪದಕ್ಕೆ ಇಟಲಿಯ ಭಾಷೆಯಲ್ಲಿ ಕೆಟ್ಟ ಗಾಳಿ ಎಂದರ್ಥ. ಜೌಗಿನ ದುರ್ವಾಸನೆಯೇ ಆ ಜ್ವರಕ್ಕೆ ಕಾರಣವೆಂದು ಜಗತ್ತು ಶತಮಾನಗಳ ಕಾಲ ನಂಬಿತ್ತು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯಾಧಿಕಾರಿಯು ಸೊಳ್ಳೆಯ ಹೊಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಸೀಳಿ ನೋಡಿ, ರೋಗಾಣು ಅಲ್ಲಿರುವುದನ್ನು ಕಂಡನು. 1902ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. ವಾಸನೆಯನ್ನು ದೂರುತ್ತ ಕುಳಿತಿದ್ದರೆ ಸೊಳ್ಳೆ ಸಿಕ್ಕುತ್ತಿರಲಿಲ್ಲ. ತೆರೆದು ನೋಡಿದ್ದರಿಂದ ಸಿಕ್ಕಿತು.

ಕಾರಿನ ವಿಷಯದಲ್ಲಿ ಜನ ಇಂದಿಗೂ ವಾಸನೆಯ ಹಂತದಲ್ಲಿಯೇ ನಿಂತಿದ್ದಾರೆ. ಮುಗ್ಗಲು ವಾಸನೆ ಬಂದರೆ ಮಲ್ಲಿಗೆಯ ಬಿಲ್ಲೆ. ಅದೂ ಸಾಲದಿದ್ದರೆ ನಿಂಬೆಯ ಸಿಂಪಡಿಕೆ. ಬೂಷ್ಟಿನ ಮೇಲೆ ಅತ್ತರು ಚೆಲ್ಲಿದರೆ ಬೂಷ್ಟು ಸಾಯದು. ಉಬ್ಬಸದ ರೋಗಿಗೆ ಕೆಲವೊಮ್ಮೆ ಆ ಸುಗಂಧವೇ ಇನ್ನೊಂದು ತೊಂದರೆಯಾಗುವುದು.

ಪ್ರತಿವರ್ಷ ಜೂನ್ ತಿಂಗಳಲ್ಲಿ ಮೃಗಶಿರಾ ಮಳೆ ಕೂಡುವ ದಿನ ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ಸಾವಿರಾರು ಉಬ್ಬಸದ ರೋಗಿಗಳು ಬತ್ತಿನಿ ಮನೆತನದವರು ಕೊಡುವ ಮೀನಿನ ಮದ್ದಿಗಾಗಿ ಸಾಲುಗಟ್ಟುತ್ತಾರೆ. ಕರ್ನಾಟಕದಿಂದಲೂ ಬಂದು ಬಂಧುಗಳ ಮನೆಯಲ್ಲಿ ಇಳಿದುಕೊಳ್ಳುವವರಿದ್ದಾರೆ. ಆ ಮದ್ದಿನ ಗುಣವನ್ನು ಆಧುನಿಕ ವೈದ್ಯಶಾಸ್ತ್ರವು ಒಪ್ಪಿಲ್ಲ. ನಂಬಿದವರ ನಂಬಿಕೆಯನ್ನು ಹಳಿಯುವುದು ಇಲ್ಲಿಯ ಉದ್ದೇಶವೂ ಅಲ್ಲ. ಆದರೆ ಗಂಟೆಗಟ್ಟಲೆ ಸರದಿಯಲ್ಲಿ ನಿಲ್ಲುವ ತಾಳ್ಮೆಯಿರುವವರು, ಆ ರೋಗಿಯನ್ನು ಮೈದಾನಕ್ಕೆ ಕರೆತಂದ ಕಾರಿನ ಫಿಲ್ಟರನ್ನು ಹೊರಗೆಳೆದು ನೋಡಲು ಹತ್ತು ನಿಮಿಷ ಕೊಡಬಾರದೆ? ವೈದ್ಯರು ಬರೆದುಕೊಟ್ಟ ಇನ್‌ಹೇಲರನ್ನು ತಪ್ಪದೆ ಸೇದಿಸುವ ತಾಯಿಯು, ಶಾಲೆಗೆ ಹೋಗುವ ದಾರಿಯಲ್ಲಿ ಮಗು ಸೇದುವ ಗಾಳಿಯ ಕಡೆಗೂ ದೃಷ್ಟಿ ಹರಿಸುವುದು ನ್ಯಾಯವಲ್ಲವೆ?

ಮಾಡತಕ್ಕ ಕೆಲಸ

ಕೆಲಸವು ಕಷ್ಟದ್ದಲ್ಲ, ಕ್ರಮ ತಪ್ಪಬಾರದಷ್ಟೆ. ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಕೀಲಿಯನ್ನು ತೆಗೆದಿಟ್ಟು, ಮೂಗು ಬಾಯಿಗಳಿಗೆ ಮಾಸ್ಕನ್ನೂ ಕೈಗೆ ಗವುಸನ್ನೂ ಧರಿಸಬೇಕು. ಉಬ್ಬಸವಿರುವವರು ಈ ಕೆಲಸಕ್ಕೆ ಕೈಹಾಕಬಾರದು.

ಮೊದಲು ಬಾನೆಟ್ಟನ್ನು ಎತ್ತಿ ವೈಪರಿನ ಬುಡದ ಜಾಲರಿಯ ಮೇಲಿನ ಎಲೆಯನ್ನು ಕೈಯಿಂದ ಆರಿಸಿ ತೆಗೆಯಬೇಕು. ಒಳಕ್ಕೆ ಗುಡಿಸಬಾರದು. ಸಂದಿಗಳಲ್ಲಿ ಸಿಕ್ಕಿದುದನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಸೆಳೆಯುವುದು ಲೇಸು. ಗಾಳಿಯ ಪಂಪಿನಿಂದ ಊದಿದರೆ ಕಸವು ಇನ್ನೂ ಆಳಕ್ಕೆ ಹೋಗಿ ಬ್ಲೋವರಿನಲ್ಲಿ ಸಿಕ್ಕಿಕೊಳ್ಳುವ ಸಂಭವವೇ ಹೆಚ್ಚು. ಬಳಿಕ ಎರಡೂ ಬದಿಗೆ ಒಂದೊಂದು ಲೋಟ ನೀರನ್ನು ನಿಧಾನವಾಗಿ ಸುರಿದು, ಅದು ಚಕ್ರದ ಹತ್ತಿರ ಕೆಳಗಿಳಿಯುವುದೇ ಎಂದು ಪರೀಕ್ಷಿಸಬೇಕು. ಇಳಿಯದಿದ್ದರೆ ತೂತು ಕಟ್ಟಿದೆ ಎಂದರ್ಥ.

ಎರಡನೆಯದು ಫಿಲ್ಟರು. ಹೆಚ್ಚಿನ ಕಾರುಗಳಲ್ಲಿ ಇದು ಮುಂದಿನ ಎಡ ಸೀಟಿನೆದುರಿನ ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ಪೆಟ್ಟಿಗೆಯ ಎರಡು ಬದಿಯನ್ನು ಅದುಮಿ ಕೆಳಕ್ಕೆ ಬಿಟ್ಟರೆ ಸಣ್ಣ ಮುಚ್ಚಳ ಕಾಣಿಸುತ್ತದೆ. ಅದರೊಳಗಿನ ಮಡಿಕೆ ಮಡಿಕೆಯಾದ ಚೌಕವೇ ಫಿಲ್ಟರು. ಹಳೆಯ ಕೆಲವು ಸಣ್ಣ ಕಾರುಗಳಲ್ಲಿ ಫಿಲ್ಟರೇ ಇರುವುದಿಲ್ಲ. ಅಂಥವುಗಳಲ್ಲಿ ಎಲೆ ನೇರವಾಗಿ ಬ್ಲೋವರಿಗೆ ಇಳಿಯುವುದರಿಂದ ಎಚ್ಚರಿಕೆ ಇಮ್ಮಡಿ ಬೇಕು. ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಹಾಕುವುದು ಸರಿಯಲ್ಲ. ಹೊಸದರ ಬೆಲೆ ಬಹುತೇಕ ಕಾರುಗಳಿಗೆ ಕೆಲವು ನೂರು ರೂಪಾಯಿಗಳು ಮಾತ್ರ. ಅದರ ಅಂಚಿನಲ್ಲಿ ಮುದ್ರಿಸಿದ ಬಾಣದ ಗುರುತು ಗಾಳಿ ಹರಿಯುವ ದಿಕ್ಕಿಗೆ ಇರಬೇಕು. ಕಾರಿನ ಕೈಪಿಡಿಯಲ್ಲಿ ಹೇಳಿದ ಅವಧಿಯು ಸಾಧಾರಣ ರಸ್ತೆಗಳಿಗೆ ಹೊಂದುವುದು. ಬಂಡೆಧೂಳಿನ ನಡುವೆ ವಾಸಿಸುವವರು ಅದಕ್ಕಿಂತ ಮುಂಚೆಯೇ ಬದಲಾಯಿಸುವುದು ಉಚಿತ.

ಫಿಲ್ಟರನ್ನು ತೆಗೆದ ಮೇಲೂ ಬ್ಲೋವರಿನಲ್ಲಿ ಟಕಟಕ ಸದ್ದು ಕೇಳಿದರೆ, ಒಳಗೆ ಎಲೆಯೋ ಕಡ್ಡಿಯೋ ಸಿಕ್ಕಿದೆ. ಗಾಳಿ ಸಾಲದೆ ಹೋದರೆ, ಅದರ ವೇಗವನ್ನು ನಿಯಂತ್ರಿಸುವ ರೆಸಿಸ್ಟರ್ ಎಂಬ ಭಾಗವು ಕಾದು ಸುಟ್ಟುಹೋಗುವುದೂ ಉಂಟು. ಈ ಹಂತದಲ್ಲಿ ನುರಿತ ಮೆಕ್ಯಾನಿಕನ ಕೈ ಬೇಕು. ತಂಪು ಸುರುಳಿಯ ತಗಡುಗಳು ಬೆರಳು ತಗಲಿದರೆ ಬಾಗುವಷ್ಟು ಮೆದು. ಬ್ಲೀಚಿನಂಥ ಖಾರದ ದ್ರಾವಣವು ಅವುಗಳನ್ನು ತಿಂದುಹಾಕುವುದು. ಅದಕ್ಕೆಂದೇ ಮಾಡಿದ ನೊರೆಯನ್ನು ಮಾತ್ರ ಬಳಸತಕ್ಕದ್ದು. ಡ್ಯಾಶ್‌ಬೋರ್ಡಿನ ಕೆಳಗಿನ ಹಳದಿ ಹೊದಿಕೆಯ ತಂತಿಗಳು ಏರ್‌ಬ್ಯಾಗಿಗೆ ಸಂಬಂಧಿಸಿದವು. ಅವುಗಳ ತಂಟೆಗೆ ಹೋಗಬಾರದು.

ಇಲಿಯ ಗೂಡು ಕಂಡರೆ ವಿಶೇಷ ಎಚ್ಚರಿಕೆ ಅಗತ್ಯ. ಇಲಿಯ ಮೂತ್ರದಿಂದ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್ ಹರಡುವುದು ಮಳೆಗಾಲದ ವೈದ್ಯರಿಗೆಲ್ಲ ತಿಳಿದ ಸಂಗತಿ. ಒಣ ಹಿಕ್ಕೆಯನ್ನು ಗುಡಿಸಿ ಧೂಳೆಬ್ಬಿಸಬಾರದು, ವ್ಯಾಕ್ಯೂಮಿನಿಂದಲೂ ಸೆಳೆಯಬಾರದು. ಕ್ರಿಮಿನಾಶಕ ದ್ರಾವಣವನ್ನು ಮೊದಲು ಸಿಂಪಡಿಸಿ, ನೆನೆದ ಮೇಲೆ ಕಾಗದದಿಂದ ಎತ್ತಿ, ಚೀಲದಲ್ಲಿ ಕಟ್ಟಿ ಎಸೆಯಬೇಕು.

ಪ್ರತಿದಿನದ ಒಂದು ಅಭ್ಯಾಸವೂ ಬಹಳ ಉಪಕಾರಿ. ಮನೆ ಸೇರುವ ಐದು ನಿಮಿಷ ಮುಂಚೆ ತಂಪನ್ನು ನಿಲ್ಲಿಸಿ ಬೀಸಣಿಗೆಯನ್ನು ಮಾತ್ರ ಓಡಿಸಿದರೆ ಸುರುಳಿಯ ತೇವ ಬಹುಮಟ್ಟಿಗೆ ಆರುತ್ತದೆ. ಆರಿದ ಜಾಗದಲ್ಲಿ ಬೂಷ್ಟು ಬೆಳೆಯದು. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ವರ್ಷದಲ್ಲಿ ಎರಡು ಸಲ, ಅಂದರೆ ಮೃಗಶಿರಾ ಮಳೆಗೆ ಮುಂಚೆ ಒಮ್ಮೆ, ಆಯುಧಪೂಜೆಗೆ ಮುಂಚೆ ಒಮ್ಮೆ ಇಷ್ಟನ್ನು ಮಾಡಿದರೆ ಸಾಕು. ಮೊದಲನೆಯದರಿಂದ ಬೇಸಿಗೆಯ ಎಲೆ ಕೊಳೆಯುವ ಮುನ್ನ ಹೊರಹೋಗುತ್ತದೆ. ಎರಡನೆಯದರಿಂದ ಮಳೆಗಾಲದ ಬೂಷ್ಟು ಚಳಿಗಾಲದ ಧೂಳಿಗೆ ಅಂಟುವ ಮುನ್ನ ಹೊರಹೋಗುತ್ತದೆ.

ಯಾರ ಹೊಣೆ?

ಸರ್ವೀಸಿಗೆ ಬಿಟ್ಟಾಗ ಇದನ್ನೆಲ್ಲ ಮಾಡಿಯೇ ಇರುತ್ತಾರೆ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಒಳ್ಳೆಯ ಗ್ಯಾರೇಜುಗಳು ಮಾಡುವುದೂ ನಿಜ. ಆದರೆ ಎಣ್ಣೆ, ಬ್ರೇಕು, ಟೈರುಗಳು ವಾಹನದ ಓಟಕ್ಕೆ ಸೇರಿದವು. ಅವು ಕೆಟ್ಟರೆ ಕಾರು ನಿಲ್ಲುತ್ತದೆ ಅಥವಾ ನಿಲ್ಲುವುದಿಲ್ಲ, ಎರಡೂ ಕೂಡಲೇ ತಿಳಿಯುತ್ತವೆ. ಗಾಳಿಯ ದಾರಿ ಕೆಟ್ಟರೆ ಕಾರು ಸುಖವಾಗಿಯೇ ಓಡುತ್ತದೆ; ಕೆಡುವುದು ಒಳಗೆ ಕುಳಿತವರ ಆರೋಗ್ಯ. ಆದುದರಿಂದ ಇದನ್ನು ನೆನಪಿಡಬೇಕಾದವರು ಒಳಗೆ ಕೂರುವವರೇ. ಗ್ಯಾರೇಜಿಗೆ ಬಿಟ್ಟರೂ ತೆಗೆದ ಹಳೆಯ ಫಿಲ್ಟರನ್ನು ಕೇಳಿ ಕಣ್ಣಾರೆ ನೋಡುವುದು ಮಾಲಿಕನ ಹಕ್ಕು.

ಇನ್ನೊಂದು ವರ್ಗದವರನ್ನು ಇಲ್ಲಿ ಮರೆಯತಕ್ಕದ್ದಲ್ಲ. ಸಂಬಳದ ಚಾಲಕರು, ಬಾಡಿಗೆ ಕಾರು ಓಡಿಸುವವರು ಹತ್ತು ಹನ್ನೆರಡು ಗಂಟೆ ಅದೇ ಗಾಳಿಯಲ್ಲಿ ಇರುತ್ತಾರೆ. ಅವರಲ್ಲಿ ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಹೊಟ್ಟೆಪಾಡಿಗೆ ಬಂದ ಕನ್ನಡಿಗರೂ ಇದ್ದಾರೆ. 2025ರ ಅಕ್ಟೋಬರಿನಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಚಾಲಕರ ಕೋಣೆಗೆ ಹವಾನಿಯಂತ್ರಣವು ಕಡ್ಡಾಯವಾಗಿದೆ. ಇದು ಸ್ವಾಗತಾರ್ಹವೇ. ಆದರೆ ಯಂತ್ರವನ್ನು ಕೊಟ್ಟ ಮಾತ್ರಕ್ಕೆ ಕರ್ತವ್ಯ ಮುಗಿಯದು. ಅದರ ಫಿಲ್ಟರನ್ನು ಕಾಲಕಾಲಕ್ಕೆ ಬದಲಾಯಿಸುವ ಖರ್ಚು ಮಾಲಿಕನದೇ ಆಗಬೇಕು. ಅರ್ಧ ಗಂಟೆ ಹಿಂದಿನ ಸೀಟಿನಲ್ಲಿ ಕೂರುವವರು, ಇಡೀ ದಿನ ಮುಂದಿನ ಸೀಟಿನಲ್ಲಿರುವವನ ಕೆಮ್ಮನ್ನು ಕೇಳಿಸಿಕೊಳ್ಳುವುದು ಮನುಷ್ಯಧರ್ಮ.

ಹರಿಯುವುದನ್ನು ಹರಿಯಬಿಡುವ ವಿದ್ಯೆಯಲ್ಲಿ ಹೈದರಾಬಾದಿಗೂ ಕನ್ನಡನಾಡಿಗೂ ಹಳೆಯ ನಂಟಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯ ಪ್ರವಾಹವು ಈ ನಗರದಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ನಿಜಾಮ್ ಸರ್ಕಾರದ ಕರೆಯ ಮೇರೆಗೆ ಬಂದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು, ಪ್ರವಾಹವನ್ನು ತಡೆಯುವ ಜಲಾಶಯಗಳಿಗೂ ನಗರದ ಕೊಳೆನೀರು ಹರಿದುಹೋಗುವ ಚರಂಡಿಗಳಿಗೂ ಯೋಜನೆ ಹಾಕಿಕೊಟ್ಟರು. 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡವು. ನೀರಿನ ದಾರಿಯನ್ನು ಮುಂಚೆಯೇ ತೆರವಾಗಿಡದಿದ್ದರೆ ನೀರು ತನ್ನ ದಾರಿಯನ್ನು ಮನೆಯೊಳಗೇ ಮಾಡಿಕೊಳ್ಳುತ್ತದೆಂಬ ಎಚ್ಚರವು ಆ ಯೋಜನೆಯ ಹಿಂದಿತ್ತು. ಅಷ್ಟು ದೊಡ್ಡ ಕೆಲಸಕ್ಕೂ ಕಾರಿನ ಜಾಲರಿಗೂ ಹೋಲಿಕೆ ಅತಿಯೆನಿಸಬಹುದು. ಆದರೆ ಕಟ್ಟಿದ ದಾರಿಯನ್ನು ಕಾಲಕಾಲಕ್ಕೆ ಬಿಡಿಸಬೇಕೆಂಬ ನಿಯಮವು ನದಿಗೂ ಒಂದೇ, ಬೆರಳು ಗಾತ್ರದ ಕೊಳವೆಗೂ ಒಂದೇ.

ಊರುಬಿಟ್ಟು ಬಂದವರ ಸಂಘಗಳು ನಾಟಕ, ಸಂಗೀತ, ರಾಜ್ಯೋತ್ಸವಗಳ ಜೊತೆಗೆ ಕಣ್ಣಿನ ತಪಾಸಣೆ, ರಕ್ತದೊತ್ತಡದ ತಪಾಸಣೆಗಳನ್ನೂ ನಡೆಸುತ್ತಿರುವುದು ಶ್ಲಾಘನೀಯ. ದಸರೆಯ ಹಿಂದಿನ ಒಂದು ಭಾನುವಾರ, ಸಂಘದ ಅಂಗಳದಲ್ಲಿ, ವಾಹನಗಳ ಗಾಳಿದಾರಿಯ ತಪಾಸಣೆಯೂ ಅದರೊಡನೆ ಸೇರಲಿ. ನಿವೃತ್ತ ಇಂಜಿನಿಯರುಗಳಿಗೂ ಕನ್ನಡ ಬಲ್ಲ ಮೆಕ್ಯಾನಿಕರಿಗೂ ಈ ನಗರದಲ್ಲಿ ಬರಗಾಲವಿಲ್ಲ. ಒಬ್ಬರು ತೋರಿಸಿದರೆ ಇಪ್ಪತ್ತು ಮಂದಿ ಕಲಿಯುತ್ತಾರೆ. ಬೆಳಗಿನ ಬಕೆಟ್ಟಿನ ಹುಡುಗರನ್ನೂ ಕರೆದು, ಉಪಾಹಾರವನ್ನೂ ಆ ದಿನದ ಕೂಲಿಯನ್ನೂ ಕೊಟ್ಟು ಕಲಿಸಿದರೆ ಇನ್ನೂ ನೂರಾರು ಮನೆಗಳಿಗೆ ಉಪಯೋಗವಾಗುತ್ತದೆ. ಮಕ್ಕಳೂ ಪಕ್ಕದಲ್ಲಿ ನಿಂತು ನೋಡಲಿ. ಬಿಳಿಯದಾಗಿ ಬಂದ ಫಿಲ್ಟರು ಒಂದು ವರ್ಷದಲ್ಲಿ ಕಪ್ಪಾದುದನ್ನು ಕಂಡ ಮಗುವಿಗೆ ವಾಯುಮಾಲಿನ್ಯದ ಮೇಲೆ ಬೇರೆ ಉಪನ್ಯಾಸ ಬೇಕಾಗದು.

ಹೀಗೆ ಒಳಗನ್ನು ತೆರವು ಮಾಡಿದ ಮೇಲೆ ಮಹಾನವಮಿಯ ಬೆಳಗಿನಲ್ಲಿ ಕಾರಿಗೆ ಧಾರಾಳವಾಗಿ ಹೂವೇರಿಸಲಿ. ಮಾಲೆಯನ್ನು ಗಾಜಿನ ಬುಡದಲ್ಲಿ ಇಡದೆ ಮುಂದುಗಡೆ ಕಟ್ಟಲಿ. ಸಂಜೆಗೆ ಎಸಳುಗಳನ್ನು ಎತ್ತಿ ಗಿಡದ ಬುಡಕ್ಕೆ ಹಾಕಲಿ. ಮನೆಮಂದಿಯೆಲ್ಲ ಕುಳಿತು ಗುಂಡಿಯನ್ನು ತಿರುಗಿಸಿದಾಗ ಮಗು ಸೀನದೆ, ಅಜ್ಜಿ ಸೆರಗನ್ನು ಮೂಗಿಗೆ ಹಿಡಿಯದೆ ಒಂದು ಸುತ್ತು ಹೋಗಿಬಂದರೆ, ಆಯುಧಕ್ಕೆ ಸಲ್ಲತಕ್ಕ ಪೂಜೆ ಸಂದಂತೆಯೇ ಸರಿ.